ಛತ್ತಿಗೆ ಮುಟ್ಟದ ಕಂಬಗಳು

ಮನೆ ಕಳೆದುಕೊಂಡವರನ್ನು ನೀವು ನೋಡಿರಬಹುದು. ಕೆಲವರದು ಮಳೆಗೆ ಬೀಳುತ್ತದೆ, ಕೆಲವರದು ರಸ್ತೆ ಅಗಲ ಮಾಡುವವರ ಕಣ್ಣಿಗೆ ಬೀಳುತ್ತದೆ, ಇನ್ನು ಕೆಲವರದು ಅಣ್ಣತಮ್ಮಂದಿರ ಜಗಳಕ್ಕೆ ಹಾಳಾಗುತ್ತದೆ. ನಮ್ಮ ಮನೆ ಹಾಳಾದದ್ದು ಹೊಗಳಿಕೆಯಿಂದ. ಹೊಗಳಿದವರು ಬೀಗರು, ಅವರಿಗೆ ಹೊಗಳುವುದನ್ನು ಕಲಿಸಿದವನು ನಾನು. ಹೀಗಾಗಿ ಯಾರ ಮೇಲೆ ಫಿರ್ಯಾದಿ ಕೊಡಬೇಕೆಂದು ತಿಳಿಯದೆ ನಿಮ್ಮ ಮುಂದೆ ಬಂದು ಕೂತಿದ್ದೇನೆ.

ನಾನು ಬಸವನ ಬಾಗೇವಾಡಿಯವನು, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದು ನಿವೃತ್ತನಾದವನು. ಹೆಸರು ಸಂಜೀವಕುಮಾರ. (ಮನೆಯಲ್ಲಿ ಈ ಹೆಸರು ಬಳಕೆಯಲ್ಲಿಲ್ಲ. ಅಲ್ಲಿ ನಾನು 'ಅಲ್ರೀ'.) ಮನೆ ಕಟ್ಟಿಸಿದವರು ನಮ್ಮ ಅಪ್ಪ ಪರಪ್ಪನವರು, ಎಂಬತ್ತಾರನೇ ಇಸವಿಯಲ್ಲಿ. ಅಪ್ಪನದು ಕಾಳುಕಡಿ ದಲ್ಲಾಳಿಯ ಅಡತಿ ಅಂಗಡಿ. ಅಲ್ಲಿಯವರೆಗೆ ನಾವಿದ್ದದ್ದು ಮಣ್ಣಿನ ಮಾಳಿಗೆ ಮನೆ. ತಲೆಬಾಗಿಲು ಎಷ್ಟು ಗಿಡ್ಡವೆಂದರೆ, ಆ ಮನೆಯಲ್ಲಿ ಹುಟ್ಟಿದವರೆಲ್ಲ ವಿನಯವಂತರಾಗುವುದು ಅನಿವಾರ್ಯವಾಗಿತ್ತು. ಒಳಗೆ ಹಗಲಿನಲ್ಲೂ ಕತ್ತಲೆ. ಅಪ್ಪನ ಮುಖವೂ ಹಾಗೇ ಇರುತ್ತಿತ್ತು.

ಆಗ ಊರಿಗೆ ಬಂದವನು ಸಿದ್ದರಾಯ ಇಂಜಿನಿಯರ್. ಮುಂಬೈಯಲ್ಲಿ ಕಲಿತು ಬಂದ ಹುಡುಗ, ತೋಳಿಲ್ಲದ ಸ್ವೆಟರು, ಕಿವಿ ಮುಚ್ಚುವ ಕೂದಲು. ಅಪ್ಪನ ಮುಂದೆ ನಕ್ಷೆ ಹರಡಿ, "ಕಾಕಾರ, ಇದು ಪೋಸ್ಟ್ ಮಾಡರ್ನ್ ಐತಿ" ಎಂದ.

"ಅಂದ್ರ ಪೋಸ್ಟ್ ಆಫೀಸಿನಂಗ ಇರತೈತೇನ?" ಎಂದರು ಅಪ್ಪ.

"ಅಲ್ರಿ. ಮನಿ ಅಂದ್ರ ಬರೇ ಗ್ವಾಡಿ, ಛತ್ತು ಅಲ್ಲ. ಹಳೇ ಕಾಲದ ಕಂಬ, ಕಮಾನು ಎಲ್ಲಾ ಇರಲಿ. ಆದ್ರ ಹುಡುಗಾಟಕ್ಕ ಇರಲಿ. ಮನಿ ನಗಬೇಕ್ರಿ."

ಅಪ್ಪ ಹ್ಞೂಂ ಎಂದದ್ದು ನನಗೆ ಇವತ್ತಿಗೂ ಆಶ್ಚರ್ಯ. ಎಂದೂ ನಗದ ಮನುಷ್ಯ ನಗುವ ಮನೆಗೆ ಹಣ ಹಾಕಿದರು.

ಅದು ಎದ್ದು ನಿಂತಾಗ ನೋಡಬೇಕಿತ್ತು ನೀವು! ಹೊರಗೋಡೆಗೆ ಗುಲಾಬಿ, ಕಮಾನಿಗೆ ಪಿಸ್ತಾ ಹಸಿರು, ಮೆಟ್ಟಿಲ ಅಂಚಿಗೆ ಆಕಾಶ ನೀಲಿ. ಪಶ್ಚಿಮದ ಗೋಡೆಗೆ ಬಣ್ಣದ ಗಾಜಿನ ದುಂಡನೆಯ ಕಿಟಕಿ. ಸಂಜೆ ಸೂರ್ಯ ಇಳಿಯುವಾಗ ಹಾಲಿನ ನೆಲವೆಲ್ಲ ಹಳದಿ, ಕೆಂಪು, ನೀಲಿ. ಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಅರ್ಧಕ್ಕೆ ನಿಂತುಬಿಡುವ ಸನ್ಮೈಕಾದ ಶೋಕೇಸು. ತ್ರಿಕೋನದ ದೀಪ. ಮತ್ತೆ ಹಾಲ್ ಇತ್ತಲ್ಲ, ಅದು ನೆಲಕ್ಕಿಂತ ಕೆಳಗೆ. ಮೂರು ಮೆಟ್ಟಿಲು ಇಳಿದು ಹೋಗಿ ಕೂರಬೇಕು. ಸುತ್ತ ಸಿಮೆಂಟಿನ ಕಟ್ಟೆ, ಅದರ ಮೇಲೆ ಗಾದಿ. ಊರಿನ ಜನ ಅದಕ್ಕೆ 'ತೆಗ್ಗಿನ ಮನಿ' ಎಂದೇ ಹೆಸರಿಟ್ಟರು.

ಎಲ್ಲಕ್ಕಿಂತ ಮಿಗಿಲಾದದ್ದು ತೆಗ್ಗಿನ ಎರಡು ಬದಿಗೆ ನಿಂತ ಜೋಡಿ ಕಂಬಗಳು. ದಪ್ಪ ಕಂಬ, ಮೇಲೆ ಕಮಲದ ಬೋದಿಗೆ, ಆದರೆ ತಲೆಯ ಮೇಲಿನ ಛತ್ತಿಗೆ ಒಂದು ಮೊಳ ಇರುವಾಗಲೇ ನಿಂತುಬಿಟ್ಟಿವೆ! ಏನನ್ನೂ ಹೊತ್ತಿಲ್ಲ. ನಿಡಗುಂದಿ, ಮುದ್ದೇಬಿಹಾಳದಿಂದೆಲ್ಲ ಜನ ನೋಡಲು ಬಂದು, "ಯಾಕ್ರಿ ಪರಪ್ಪನವರ, ಸಿಮೆಂಟ ಸಾಲಲಿಲ್ಲೇನು?" ಎನ್ನುತ್ತಿದ್ದರು. ಅಪ್ಪ ತೆಗ್ಗಿನಲ್ಲಿ ಕಾಲು ಚಾಚಿ ಕೂತು, "ಹೊರೂದು ಹೊತ್ತು ಹೊತ್ತು ಸಾಕಾಗೈತಿ, ಇವಾದ್ರೂ ಸುಮ್ಮನ ನಿಂತಿರ್ಲಿ ಬಿಡ್ರಿ" ಎಂದು ನಗುತ್ತಿದ್ದರು. ಅಪ್ಪ ನಕ್ಕದ್ದನ್ನು ನಾನು ಮೊದಲು ಕಂಡದ್ದು ಆ ಮನೆಯಲ್ಲೇ. ನನಗೆ ಆ ಮನೆಯ ಮೇಲೆ ಇರುವ ಪ್ರೀತಿಗೆ ಬೇರೆ ಕಾರಣ ಬೇಡ.

ನನ್ನ ಹೆಂಡತಿ ಭುವನೇಶ್ವರಿಗೆ ದ್ವೇಷಕ್ಕೂ ಒಂದು ಕಾರಣ ಸಾಕಾಯಿತು. ಮದುವೆಯಾಗಿ ಮನೆ ತುಂಬಿಸಿಕೊಳ್ಳುವಾಗ ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಬಲಗಾಲಿನಿಂದ ಒದ್ದಳು. ಸೇರು ಉರುಳುತ್ತ ಹೋಗಿ ತೆಗ್ಗಿಗೆ ಬಿತ್ತು. ಸೆರಗು ಹೊದ್ದು ತಲೆ ತಗ್ಗಿಸಿ ಬರುತ್ತಿದ್ದ ಮದುಮಗಳು ಅದರ ಹಿಂದೆಯೇ ಬಿದ್ದಳು. ಗಂಟು ಹಾಕಿದ್ದರಿಂದ ನಾನೂ ಹೋದೆ. ನಮ್ಮ ಸಂಸಾರ ಶುರುವಾದದ್ದೇ ತೆಗ್ಗಿನಲ್ಲಿ ಎಂದು ಆಕೆ ಇವತ್ತಿಗೂ ಹೇಳುತ್ತಾಳೆ. ಅವತ್ತಿನಿಂದ ಅವಳದು ಒಂದೇ ಮಾತು: "ಮನಿ ಅಂದ್ರ ಸಪಾಟ ಇರಬೇಕು."

ಈಗ ಮೊಬೈಲು ಬಂದ ಮೇಲೆ ಆ ಮಾತಿಗೆ ಚಿತ್ರಗಳೂ ಸಿಕ್ಕವು. ದಿನವೂ ಒಂದು ಮನೆ ತೋರಿಸುತ್ತಾಳೆ. ಗೋಡೆ ಬೂದಿ ಬಣ್ಣ, ನೆಲ ಬೂದಿ ಬಣ್ಣ, ಸೋಫಾ ಬೂದಿ ಬಣ್ಣ. "ಇದು ಮನಿಯಲ್ಲ, ಒಲಿ" ಎಂದರೆ ಅವತ್ತು ನನಗೆ ಒಲೆಯಿಂದ ಏನೂ ಬರುವುದಿಲ್ಲ. ಕೊನೆಗೆ ಗೌಂಡಿ ಭೀಮಶ್ಯಾನನ್ನು ಕರೆಸಿ, ನನ್ನೆದುರೇ ಟೇಪು ಹಿಡಿಸಿದಳು. ತೆಗ್ಗು ತುಂಬಲು ಎಷ್ಟು ಟ್ರ್ಯಾಕ್ಟರ್ ಮುರುಮು ಮಣ್ಣು ಬೇಕು ಎಂಬ ಲೆಕ್ಕ ನಡೆಯಿತು. ನನಗೆ ನನ್ನದೇ ಹೊಟ್ಟೆಗೆ ಮುರುಮು ತುಂಬಿದಂತಾಯಿತು.

ಅಷ್ಟರಲ್ಲಿ ಮಗ ಚೇತನಕುಮಾರನ ಮದುವೆಯ ಮಾತು ಬಂತು. ಸಿಂದಗಿಯ ಕಾಲೇಜಿನಲ್ಲಿ ಅವನು ಉಪನ್ಯಾಸಕ. ಜೊತೆಗೆ ಪಾಠ ಮಾಡುವ ಪಲ್ಲವಿ ಎಂಬ ಹುಡುಗಿ. ಅವರಿಬ್ಬರೂ ಒಪ್ಪಿಯಾಗಿತ್ತು, ನಮಗೆ ಉಳಿದದ್ದು ನಾವೇ ಹುಡುಕಿದಂತೆ ನಟಿಸುವುದು. ಹುಡುಗಿಯ ತಂದೆ ಇಂಡಿ ಕಡೆಯ ಅಗರಖೇಡದ ಬಸವಂತರಾಯರು, ಲಿಂಬೆ ತೋಟದವರು. ಎಷ್ಟು ಒಪ್ಪಿದರೂ ಪದ್ಧತಿ ಪದ್ಧತಿಯೇ. ಹೆಣ್ಣಿನವರು ಒಮ್ಮೆ ಬಂದು ಗಂಡಿನ ಮನೆ ನೋಡಲೇಬೇಕು. ನೋಡಿ, ಉಪ್ಪಿಟ್ಟು ಶಿರಾ ತಿಂದು, ಮನೆ ಪಸಂದ ಎಂದ ಮೇಲೆಯೇ ಮುಂದಿನ ಮಾತು.

"ಅವ್ರು ಬರೂದ್ರಾಗ ತೆಗ್ಗ ಮುಚ್ಚಬೇಕು" ಎಂದಳು ಭುವನೇಶ್ವರಿ.

"ಈ ಮನಿ ನೋಡೇ ನಿಮ್ಮಪ್ಪ ನಿನ್ನ ಕೊಟ್ಟಾರ."

"ಅವರಿಗೆ ಕಣ್ಣಾಗ ಪೊರೆ ಬಂದಿತ್ತು. ಆಮ್ಯಾಲ ಆಪರೇಷನ್ ಆತು."

ಬಹಳ ಜಗಳದ ಮೇಲೆ ಒಂದು ಒಪ್ಪಂದವಾಯಿತು. ಬಂದವರು ಮನೆಯನ್ನು ಬಾಯ್ತುಂಬ ಹೊಗಳಿದರೆ ಒಂದು ಇಟ್ಟಿಗೆಯನ್ನೂ ಅವಳು ಮುಟ್ಟಬಾರದು. ಮುಖ ಸಿಂಡರಿಸಿದರೆ ಮರುದಿನ ಭೀಮಶ್ಯಾ ಸುತ್ತಿಗೆ ಹಿಡಿದು ಬರುತ್ತಾನೆ. ಒಪ್ಪಿಕೊಂಡೆನೇನೋ ಸರಿ, ಆದರೆ ಲಿಂಬೆ ತೋಟದ ಮನುಷ್ಯನಿಗೆ ಛತ್ತಿಗೆ ಮುಟ್ಟದ ಕಂಬದ ಸೌಂದರ್ಯ ತಿಳಿಯುವುದೆಂತು?

ಆಗ ನನ್ನ ತಲೆಗೆ ಆ ದಿವ್ಯವಾದ ವಿಚಾರ ಹೊಳೆಯಿತು. ಪರೀಕ್ಷೆಗೆ ಮುಂಚೆ ಪಾಠ ಹೇಳುವುದು ಮಾಸ್ತರನ ಧರ್ಮವಲ್ಲವೆ? ಉಪ್ಪಿನಕಾಯಿಗೆ ಲಿಂಬೆಕಾಯಿ ತರುತ್ತೇನೆಂದು ಚೀಲ ಹಿಡಿದು ಹೊರಟೆ. (ನಮ್ಮೂರ ಸಂತೆಯಲ್ಲಿ ರಾಶಿ ಬಿದ್ದಿರುವ ಲಿಂಬೆಕಾಯಿಗೆ ಇಂಡಿಗೆ ಯಾಕೆ ಹೋಗುತ್ತೀರಿ ಎಂದು ಹೆಂಡತಿ ಕೇಳಲಿಲ್ಲ. ಅವಳು ಕೇಳದಿದ್ದಾಗ ನಾನು ಹೆದರಬೇಕಿತ್ತು.) ವಿಜಯಪುರದಲ್ಲಿ ಬಸ್ಸು ಬದಲಿಸಿ, ಇಂಡಿಯಲ್ಲಿ ಲಿಂಬೆ ಹರಾಜು ಕೂಗುವ ಸವಾಲಿನ ಕಟ್ಟೆಯ ಮೇಲೆ ಬಸವಂತರಾಯರನ್ನು ಹಿಡಿದೆ.

ಒಳ್ಳೆಯ ಮನುಷ್ಯ. ಬಿಳಿ ಧೋತರ, ಬಿಳಿ ಟೋಪಿ, ಹೇಳಿದ್ದನ್ನು ಪೂರ್ತಿ ಕೇಳುವ ಸ್ವಭಾವ. ಮೂವತ್ತೈದು ವರ್ಷ ಪಾಠ ಹೇಳಿದ ನನಗೆ ಇಂಥ ವಿದ್ಯಾರ್ಥಿ ಒಬ್ಬನೂ ಸಿಕ್ಕಿರಲಿಲ್ಲ. ಚಾದ ಅಂಗಡಿಯಲ್ಲಿ ಕೂತು ಹಾಳೆಯ ಮೇಲೆ ಕಂಬ ಬರೆದೆ, ಕಮಾನು ಬರೆದೆ, ದುಂಡನೆಯ ಕಿಟಕಿ ಬರೆದೆ. ಈಗಿನ ಮನೆಗಳು ಗೋದಾಮು, ಎಂಬತ್ತರ ಮನೆಗಳು ಮನುಷ್ಯರಿಗಾಗಿ ಕಟ್ಟಿದವು, ಆಗಿನ ಜನ ಮನೆಯ ಜೊತೆ ಚೇಷ್ಟೆ ಮಾಡುವಷ್ಟು ಧೈರ್ಯ ಉಳ್ಳವರು ಎಂದೆಲ್ಲ ಬಿಡಿಸಿ ಹೇಳಿದೆ. ಅವರ ಕಣ್ಣು ಅಗಲವಾಗುತ್ತ ಹೋದವು.

"ಮಾಸ್ತರ, ಇಷ್ಟ ದಿವಸ ನನಗ ಯಾರೂ ಇದನ್ನ ಹೇಳೇ ಇರಲಿಲ್ಲ ನೋಡ್ರಿ! ನಾನೂ ತ್ವಾಟದಾಗ ಮನಿ ಕಟ್ಟಸಾಕತ್ತೇನ್ರಿ. ಪಾಯಾ ಆಗೈತಿ. ಹೆಂಗ ಕಟ್ಟಬೇಕಂತ ತಿಳೀವಲ್ದಾಗಿತ್ತು."

"ಭಾಳ ಛಲೋ" ಎಂದೆ. ಆ ಮಾತು ನನ್ನ ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ. ಶಿಷ್ಯ ಸಿಕ್ಕ ಸಂತೋಷದಲ್ಲಿ ಲಿಂಬೆಕಾಯಿ ಕೊಳ್ಳುವುದನ್ನೂ ಮರೆತು ಖಾಲಿ ಚೀಲದೊಂದಿಗೆ ಮನೆಗೆ ಬಂದೆ.

ಬೀಗರು ಬಂದ ದಿನ ನಾನು ಬೆಳಿಗ್ಗೆಯೇ ಎದ್ದು ಕಂಬಗಳಿಗೆ ಒದ್ದೆ ಬಟ್ಟೆ ಹಾಕಿ ಒರೆಸಿದೆ. ಬಸವಂತರಾಯರು, ಅವರ ಹೆಂಡತಿ ಸುನಂದಾಬಾಯಿ, ಮತ್ತೊಂದಿಬ್ಬರು ಹಿರಿಯರು. ಬಸವಂತರಾಯರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವರು ಹಾಗೇ ನಿಂತರು. ತೆಗ್ಗಿನ ಅಂಚಿಗೆ ಹೋಗಿ, ಕಂಬದ ಮೈ ಸವರಿ, ಮೇಲಕ್ಕೆ ನೋಡಿ, ಕಂಬಕ್ಕೂ ಛತ್ತಿಗೂ ನಡುವಿನ ಬಯಲನ್ನು ಬಹಳ ಹೊತ್ತು ನೋಡಿದರು.

"ಎಷ್ಟ ಛಂದ ಅದಾವ್ರಿ ಕಂಬ!"

ನನಗೆ ಜೀವ ಬಂದಂತಾಯಿತು. "ನಿಮ್ಮವ ಅದಾವ್ರಿ, ಒಯ್ರಿ" ಎಂದೆ.

ಇಲ್ಲಿ ಪರ ಊರಿನ ಓದುಗರಿಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಮನೆಗೆ ಬಂದವರು ಏನನ್ನಾದರೂ ಛಂದ ಐತಿ ಎಂದರೆ, ಮನೆಯವನು 'ನಿಮ್ಮದ ಐತಿ, ಒಯ್ರಿ' ಎನ್ನುವುದು ಮರ್ಯಾದೆ. ಆಗ ಹೊಗಳಿದವರು 'ಎಲ್ಲಿದ್ರೇನ್ರಿ, ನಿಮ್ಮನ್ಯಾಗ ಇದ್ರೂ ನಮ್ದ' ಎನ್ನುವುದು ಅದಕ್ಕೆ ಜೋಡಿ ಮರ್ಯಾದೆ. ಈ ಮಾತಿನ ಮೇಲೆ ಯಾರೂ ಯಾರ ಎತ್ತನ್ನೂ ಹೊಡೆದುಕೊಂಡು ಹೋದದ್ದಿಲ್ಲ. ನನ್ನ ಅರ್ಧ ನಾನು ಸರಿಯಾಗಿ ಹೇಳಿದೆ. ಬಸವಂತರಾಯರು ತಮ್ಮ ಅರ್ಧ ಹೇಳಲಿಲ್ಲ. ಕೈ ಮುಗಿದು ಸುಮ್ಮನಾದರು. ಹೊಗಳಿಕೆಯ ಅಮಲಿನಲ್ಲಿದ್ದ ನನಗೆ ಅದು ತಿಳಿಯಲಿಲ್ಲ.

ತಿಳಿದದ್ದು ಭುವನೇಶ್ವರಿಗೆ. ಆಗಿನ ತನಕ ಸೋತ ಮುಖ ಮಾಡಿಕೊಂಡು ಬಾಗಿಲಿಗೆ ಒರಗಿದ್ದವಳು ಚಟ್ಟನೆ ಮುಂದೆ ಬಂದಳು. "ಅಣ್ಣಾರ, ಆ ದುಂಡ ಕಿಡಕಿ ನೋಡಿದ್ರೇನು? ಸಂಜೀಕ ನೋಡಬೇಕ್ರಿ ಅದನ್ನ."

"ಆಹಾ! ಕಿಡಕಿ ಅಂದ್ರ ಇದು!"

"ನಿಮ್ಮದ ಐತ್ರಿ, ಒಯ್ರಿ" ಎಂದೆ ನಾನು, ಉಬ್ಬಿ.

"ಈ ಶೋಕೇಸ ನೋಡ್ರಿ. ಈಗೆಲ್ಲಿ ಸಿಗತಾವ್ರಿ ಇಂಥಾವು?"

"ಭಾರಿ ಐತ್ರಿ ಯವ್ವಾ!"

"ನಿಮ್ಮದ ಐತ್ರಿ, ಒಯ್ರಿ."

ತ್ರಿಕೋನದ ದೀಪ ತೋರಿಸಿದಳು. ಪಿಸ್ತಾ ಬಣ್ಣದ ಬಾಗಿಲು ತೋರಿಸಿದಳು. ಅವಳಿಗೂ ಕೊನೆಗೆ ಕಣ್ಣು ತೆರೆಯಿತು, ಮನೆಯ ಬೆಲೆ ತಿಳಿಯಿತು ಎಂದು ನನ್ನ ಕಣ್ಣಲ್ಲಿ ನೀರೇ ಬಂತು. ಇಷ್ಟು ವರ್ಷದ ಸಂಸಾರದಲ್ಲಿ ನಾವಿಬ್ಬರೂ ಒಂದೇ ವಸ್ತುವನ್ನು ಒಟ್ಟಿಗೆ ಹೊಗಳಿದ್ದು ಅದೇ ಮೊದಲು. ನಾನು ನಾಲಗೆಗೆ ಲಗಾಮೇ ಇಲ್ಲದೆ ಒಯ್ರಿ ಒಯ್ರಿ ಎನ್ನುತ್ತ ಹೋದೆ. ಬಸವಂತರಾಯರು ತೆಗ್ಗಿಗೆ ಇಳಿದು ಗಾದಿಯ ಮೇಲೆ ಕೂತು ಎರಡು ಸಲ ಶಿರಾ ಹಾಕಿಸಿಕೊಂಡರು. "ಮನಿ ಪಸಂದ ಬಂತು" ಎಂದರು. ಸಕ್ಕರೆ ಹಂಚಿ ಬಾಯಿ ಸಿಹಿಯಾಯಿತು.

ಅವರು ಹೋದ ಮೇಲೆ ನಾನು ಹೆಂಡತಿಗೆ ಹೇಳಿದೆ: "ನೋಡಿದಿ? ಇನ್ನ ಭೀಮಶ್ಯಾಗ ಬರಬ್ಯಾಡ ಅಂತ ಹೇಳಿಬಿಡು."

"ಮಾತ ಕೊಟ್ಟೇನಿ. ನಾ ಒಂದ ಇಟ್ಟಂಗಿ ಮುಟ್ಟೂದಿಲ್ಲ" ಎಂದಳು. ಅಷ್ಟು ಸೌಮ್ಯವಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಮುಂದಿನ ವಾರ ಬಸವಂತರಾಯರ ಫೋನು ಬಂತು. "ಬೀಗರ, ಟ್ರ್ಯಾಕ್ಟರ್ ಕಳಿಸೇನ್ರಿ. ಹೊದಸಾಕ ಗಾದಿ, ಹುಲ್ಲು ಎಲ್ಲಾ ಹಾಕಿ ಕಳಿಸೇನಿ. ಗಾಜಿನ ಕಿಡಕಿ ಹುಷಾರಲೆ ಬಿಚ್ಚಸ್ರಿ."

"ಯಾವ ಕಿಡಕಿ?"

"ಅವತ್ತ ಕೊಟ್ರಲ್ಲಾ. ಕಂಬ, ಶೋಕೇಸ, ಬಾಗಲಾ. ಏನ ದೊಡ್ಡ ಮನಸ್ರಿ ನಿಮ್ದು! ನನಗ ಮೊದಲು ಭಾಳ ಸಂಕೋಚ ಆತ್ರಿ. ಒಲ್ಲೆ ಅನ್ನೂಣು ಅಂದ್ರ, ಗಂಡಿನವರು ಕೊಟ್ಟದ್ದನ್ನ ಹೆಣ್ಣಿನವರು ಒಲ್ಲೆ ಅಂದ್ರ ಅಪಮಾನ ಆಗತೈತಿ. ನಮ್ಮ ಮನಿಯಾಕಿ ಅವತ್ತ ನಿಮ್ಮನಿಯವರನ್ನ, ಅಂದ್ರ ತಂಗ್ಯಾರನ್ನ, ಅಡಗಿ ಮನ್ಯಾಗ ಕೇಳಿದ್ಲಂತ. ತಂಗ್ಯಾರು ಅಂದ್ರಂತ, 'ನಮ್ಮವರು ಬಾಯಿಲೆ ಒಮ್ಮಿ ಅಂದ್ರ ಮುಗೀತು, ಒಯ್ಯದಿದ್ರ ಊಟಾ ಬಿಡ್ತಾರ' ಅಂತ."

ನಾನು ಫೋನು ಹಿಡಿದುಕೊಂಡೇ ತಿರುಗಿದೆ. ಭುವನೇಶ್ವರಿ ಕೊತ್ತಂಬರಿ ಸೋಸುತ್ತಿದ್ದಳು.

"ಏನ ಮಾಡಿದಿ ಇದು!" ಎಂದು ಫೋನಿಟ್ಟು ಕೂಗಿದೆ.

"ನಾ ಏನ ಮಾಡೇನಿ? ಒಯ್ರಿ ಅಂದಾವ್ರು ಯಾರು? ಊರಿಗೆಲ್ಲಾ ಕೇಳೂವಂಗ ಅಂದ್ರಿ."

"ಅದು ಮರ್ಯಾದಿಗೆ ಅನ್ನೂದು!"

"ಹಂಗಂತ ಅವರಿಗೆ ಫೋನ್ ಮಾಡಿ ಹೇಳ್ರಿ ಮತ್ತ. 'ನಾ ಬಾಯಿ ಮಾತ ಅಂದಿದ್ದೆ' ಅನ್ರಿ. ನಾಳೆ ಅವ್ರು, 'ನಾವೂ ಹುಡುಗಿ ಕೊಡ್ತೇವಿ ಅಂದದ್ದು ಬಾಯಿ ಮಾತ' ಅಂದ್ರ?"

ಆ ಭಾನುವಾರ ಚೇತನಕುಮಾರ ಸಿಂದಗಿಯಿಂದ ಬಂದಿದ್ದ. ತೆಗ್ಗಿನ ಮೆಟ್ಟಿಲ ಮೇಲೆ ಕೂತು ನನ್ನ ಮುಖ ನೋಡಿದ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಹೀಗೇ ನೋಡುತ್ತಿದ್ದ. ಅಪ್ಪನ ಮನೆ ಒಂದು ಕಡೆ, ಮಗನ ಮನೆತನ ಒಂದು ಕಡೆ. ನಾನು ರಾಮಾಯಣವನ್ನೂ ಮಹಾಭಾರತವನ್ನೂ ನೆನೆದೆ, ಯಾವ ಪುರಾಣದಲ್ಲೂ ಶೋಕೇಸಿನ ಬಗ್ಗೆ ಧರ್ಮಸಂಕಟ ಸಿಗಲಿಲ್ಲ. "ಒಯ್ಲಿ ಬಿಡು" ಎಂದೆ. ಆ ಮಾತಿನಲ್ಲಿ ಹಾಸ್ಯವೇನೂ ಇರಲಿಲ್ಲ.

ಕಂಬ ಕೀಳಲು ಬರುವುದಿಲ್ಲ, ಕಿತ್ತರೆ ಮನೆ ಬೀಳುತ್ತದೆ ಎಂಬುದು ನನ್ನ ಕಟ್ಟಕಡೆಯ ಆಸೆಯಾಗಿತ್ತು. ಭೀಮಶ್ಯಾ ಅದನ್ನೂ ಉಳಿಸಲಿಲ್ಲ. ಕಂಬವನ್ನು ಬಡಿದು ನೋಡಿ, "ಛತ್ತಿಗೆ ಹತ್ತಿದ್ವಂದ್ರ ತೆಗ್ಯಾಕ ಬರ್ತಿದ್ದಿಲ್ರಿ ಸರ. ಇವೇನೂ ಹೊತ್ತಿಲ್ಲ, ಆರಾಮ ಬರತಾವ" ಎಂದ. ನಡುವೆ ಕಬ್ಬಿಣದ ಪೈಪು, ಅದರ ಸುತ್ತ ಒಂದರ ಮೇಲೊಂದು ಕೂರಿಸಿದ ಸಿಮೆಂಟಿನ ಉಂಗುರಗಳು. ಸಿದ್ದರಾಯ ಇಂಜಿನಿಯರನ ಹುಡುಗಾಟ ಒಂದು ಮಧ್ಯಾಹ್ನದಲ್ಲಿ ಬಿಚ್ಚಿ ಹುಲ್ಲಿನ ಮೇಲೆ ಮಲಗಿತು. ಟ್ರ್ಯಾಕ್ಟರ್ ತಿರುವಿನಲ್ಲಿ ಮರೆಯಾಗುವವರೆಗೆ ನಾನು ಬಾಗಿಲಿಲ್ಲದ ಬಾಗಿಲಲ್ಲಿ ನಿಂತಿದ್ದೆ.

ಆಮೇಲೆ ಭುವನೇಶ್ವರಿ ಏನನ್ನೂ ಕೆಡವಲಿಲ್ಲ. ಮಾತಿಗೆ ತಪ್ಪುವವಳಲ್ಲ. ಕಂಬವಿಲ್ಲದೆ ತೆಗ್ಗು ಬಾವಿಯಂತೆ ಕಾಣುತ್ತದೆ, ಮದುವೆಗೆ ಬಂದವರು ಬಿದ್ದಾರು ಎಂದು ಮುರುಮು ತುಂಬಿಸಿದಳು ಅಷ್ಟೆ. ಮೇಲೆ ಬೂದಿ ಬಣ್ಣದ ಟೈಲ್ಸ್ ಬಂತು. ದುಂಡನೆಯ ಕಿಟಕಿ ಇದ್ದಲ್ಲಿ ಗೋಡೆ ಬಂತು, ಗೋಡೆಗೆ ಬೂದಿ ಬಂತು. ಮದುವೆ ಛಲೋ ಆಯಿತು. ಸೊಸೆ ಒದ್ದ ಸೇರು ಹೊಸ್ತಿಲ ಪಕ್ಕದಲ್ಲೇ ಉರುಳಿ ನಿಂತಿತು. ಸಂಜೆ ಹೊತ್ತು ನಾನು ಹೊಸ ಸೋಫಾದ ಮೇಲೆ ಕೂತರೆ ಕಾಲು ತಾವಾಗಿ ಕೆಳಗಿನ ಮೆಟ್ಟಿಲು ಹುಡುಕುತ್ತಿದ್ದವು. ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಮೊನ್ನೆ ಅಗರಖೇಡದ ತೋಟದ ಮನೆಯ ಪ್ರವೇಶ. ನಾನು ಹೋಗುವುದಿಲ್ಲ ಎಂದೆ, ಹೊಟ್ಟೆನೋವು ಎಂದೆ. ಗಂಡಿನ ತಂದೆ ಬರದಿದ್ದರೆ ಹೇಗೆ ಎಂದು ಭುವನೇಶ್ವರಿ ಹೊರಡಿಸಿದಳು.

ಲಿಂಬೆ ಗಿಡಗಳ ನಡುವೆ ದೂರದಿಂದಲೇ ಗುಲಾಬಿ ಗೋಡೆ ಕಂಡಿತು. ಒಳಗೆ ಹೋದರೆ ನಮ್ಮ ಪಿಸ್ತಾ ಬಾಗಿಲು, ನಮ್ಮ ಶೋಕೇಸು, ನಮ್ಮ ತ್ರಿಕೋನದ ದೀಪ. ಬಸವಂತರಾಯರು ನಾನು ಚಾದ ಅಂಗಡಿಯಲ್ಲಿ ಬರೆದುಕೊಟ್ಟ ಹಾಳೆಯಂತೆಯೇ ಕಟ್ಟಿಸಿದ್ದರು. ಹಾಲಿನ ನಡುವೆ ಹೊಸದಾಗಿ ತೋಡಿದ ತೆಗ್ಗು, ಮೂರು ಮೆಟ್ಟಿಲು, ಸುತ್ತ ಕಟ್ಟೆ. ಎರಡು ಬದಿಗೆ ಕಂಬಗಳು ಏನನ್ನೂ ಹೊರದೆ ಹಾಯಾಗಿ ನಿಂತಿದ್ದವು. ನಮ್ಮಲ್ಲಿ ಇದ್ದಾಗಿನದಕ್ಕಿಂತ ಇಲ್ಲಿ ಚೆನ್ನಾಗಿವೆ ಎಂದು ಒಪ್ಪಿಕೊಳ್ಳುವುದು ಬಹಳ ಕಷ್ಟವಾಯಿತು. ನಾನು ಮೂಲೆಯಲ್ಲಿ ಕೂತು ಶಲ್ಯದಿಂದ ಕಣ್ಣೊರೆಸಿಕೊಂಡೆ. ಬೀಗರಿಗೆ ಹೊಗೆ ತಗಲಿದೆ ಎಂದು ಯಾರೋ ಫ್ಯಾನು ತಿರುಗಿಸಿದರು.

ಭುವನೇಶ್ವರಿ ಎಲ್ಲಿ ಎಂದು ನೋಡಿದರೆ, ತೆಗ್ಗಿನ ಗಾದಿಯ ಮೇಲೆ ಕಾಲು ಚಾಚಿ ಕೂತಿದ್ದಾಳೆ. ಪಕ್ಕದಲ್ಲಿ ಸುನಂದಾಬಾಯಿ, ಸುತ್ತ ಊರ ಹೆಂಗಸರು. ಸಂಜೆಯಾಗುತ್ತಿತ್ತು. ಬಣ್ಣದ ಬೆಳಕು ಅವಳ ಸೀರೆಯ ಮೇಲೆಲ್ಲ ಬಿದ್ದಿತ್ತು. ಮುಖ ಎಷ್ಟು ಪ್ರಸನ್ನವಾಗಿತ್ತೆಂದರೆ, ಅವಳಿಗೂ ಹಳೆಯದೆಲ್ಲ ನೆನಪಾಗಿರಬೇಕು ಎಂದು ನನ್ನ ಎದೆ ಕರಗಿತು. ಹತ್ತಿರ ಹೋದೆ.

"ಏನ ತಂಪ ಐತ್ರಿ ಇಲ್ಲೆ! ಎಲ್ಲಾರೂ ಒಂದ ಕಡೆ ಕುಂತ ಮಾತಾಡಾಕ ಎಷ್ಟ ಛಲೋ!" ಎನ್ನುತ್ತಿದ್ದಳು. "ಅಕ್ಕಾರ, ಮನಿ ಅಂದ್ರ ಹಿಂಗ ಇರಬೇಕ್ರಿ. ನಮ್ಮ ಮನಿ ನೋಡ್ರಿ, ಬೂದಿ ಬಡಕೊಂಡು ಗೋದಾಮಿನಂಗ ಕುಂತೈತಿ. ಏನ ಮಾಡೂದ್ರಿ? ನಮ್ಮವರು ಡ್ರಾಯಿಂಗ್ ಮಾಸ್ತರ ಅನಿಸ್ಕೊಂಡಿದ್ದಷ್ಟ ಬಂತು, ಇದ್ರಾಗಿನ ಛಂದ ಅವರಿಗೆ ತಿಳಿಯಂಗಿಲ್ಲ."

ಸುತ್ತಲಿನ ಹೆಂಗಸರೆಲ್ಲ ನನ್ನನ್ನು ಕನಿಕರದಿಂದ ನೋಡಿದರು. ನಾನು ಬಾಯಿ ತೆರೆದೆ.

"ಸುಮ್ನ ಯಾಕ ನಿಂತೀರಿ? ಭೀಮಶ್ಯಾಗ ಫೋನ್ ಹಚ್ರಿ" ಎಂದಳು ಹೆಂಡತಿ. "ನಾಳೆ ಬಂದು ನಮ್ಮ ಹಾಲಿನ್ಯಾಗೂ ಇಂಥಾದ ಒಂದು ತೆಗ್ಗ ತೋಡ್ಲಿ."

ಹಚ್ಚಿದೆ. ಇನ್ನೇನು ಮಾಡಲಿ? ಭೀಮಶ್ಯಾ ಆ ಕಡೆಯಿಂದ, "ಎಷ್ಟ ಆಳ ತೋಡಬೇಕಂತ್ರಿ ಸರ?" ಎಂದು ಕೇಳಿದ. ನಾನು ಫೋನು ಕೈಯಲ್ಲಿ ಮುಚ್ಚಿ ಭುವನೇಶ್ವರಿಯ ಮುಖ ನೋಡಿದೆ.

ಅವಳು ಸುನಂದಾಬಾಯಿಗೆ ಕೇಳಿಸದಂತೆ ನನ್ನ ಕಡೆ ಬಾಗಿ ಪಿಸುಗುಟ್ಟಿದಳು: "ಇವರದಕ್ಕಿಂತ ಒಂದ ಮೆಟ್ಟಲಾ ಹೆಚ್ಚಿಗಿ ಇರಲಿ ಅನ್ರಿ."